ಗ್ಯಾನಪ್ಪನ ನವಿಲುದೋಣಿ

ಗುಂಡನ ಮರದ ಕುದುರೆ ಬಚ್ಚಲ ಹಂಡೆಯಲ್ಲಿ ಬಿದ್ದು ಬಿಚ್ಚಿಹೋದ ಬೆಳಗಿನಿಂದ ನನ್ನ ತಲೆಯನ್ನು ಒಂದೇ ಹುಳ ಕೊರೆಯುತ್ತಿತ್ತು. ಕುದುರೆಯೇ ಹೀಗಾದರೆ ದೋಣಿ ಏನಾದೀತು?

ಗುಂಡ ನನ್ನ ಮಗ, ಇನ್ನೂ ಮೂರು ತುಂಬಿಲ್ಲ. ಕುದುರೆಯನ್ನು ಅವನಿಗೆ ಮಾಡಿಕೊಟ್ಟವನು ಕಿನ್ನಾಳದ ಗ್ಯಾನಪ್ಪ. ಅದು ಯಾವಾಗ ಹಂಡೆಗೆ ಬಿತ್ತೋ ಯಾರೂ ನೋಡಲಿಲ್ಲ. ನೀರು ತೋಡಲು ಹೋದರೆ ಚರಿಗೆಗೆ ಬಂದದ್ದು ಬಿಡಿಬಿಡಿ ಕಟ್ಟಿಗೆ ತುಂಡುಗಳು, ಅವುಗಳ ಸುತ್ತ ಕೆಂಪು ಹಸಿರು ಬೆರೆತ ಗಂಜಿ. ಹುಣಸೆ ಬೀಜ ಅರೆದು, ಕಟ್ಟಿಗೆಯ ಹೊಟ್ಟು ಕಲಸಿ ಮಾಡುವ ಅಂಟಿಗೆ ಕಿನ್ನಾಳದವರು ಕಿಟ್ಟ ಅನ್ನುತ್ತಾರೆ. ಕಾಲು, ಕೊರಳು, ಬಾಲ ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಅದೇ. ಆ ಕಿಟ್ಟವಷ್ಟೂ ನೀರಾಗಿತ್ತು.

ಅದೇ ಕಿಟ್ಟವನ್ನು ಗ್ಯಾನಪ್ಪ ಹಂಪಣ್ಣ ಸಾಹುಕಾರರ ಮೋಟಾರು ದೋಣಿಯ ಸಂದುಸಂದಿಗೂ ತುಂಬಿದ್ದ. ದೋಣಿ ಕೆರೆಗೆ ಇಳಿಯುವ ದಿನ ಅದರಲ್ಲಿ ಮೊದಲು ಕೂರಬೇಕಾದವನು ನನ್ನ ಗುಂಡ.

ಗ್ಯಾನಪ್ಪ ಎಂಥವನು ಅಂತ ಯಾರಾದರೂ ಕೇಳಿದರೆ ನಾನು ಏನು ಹೇಳಬೇಕೋ ಇವತ್ತಿಗೂ ತಿಳಿಯದು. ಅವನು ಬೆಳೆದದ್ದು ಗೊಂಬೆ ಮಾಡುವವರ ಜಗುಲಿಯಲ್ಲಿ. ಅಪ್ಪ ಕಟ್ಟಿಗೆ ಕೆತ್ತಿದರೆ ಮಗ ಕಿಟ್ಟ ಅರೆಯುತ್ತಿದ್ದನಂತೆ. ಕೊಪ್ಪಳದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಸಾಹುಕಾರರ ಜಿನ್ನು ಎದ್ದಾಗ, ಎಣ್ಣೆ ಇಂಜಿನ್ನು ನೋಡಲು ಊರೆಲ್ಲ ಬಂದು ನೋಡಿ ಹೋಯಿತು. ಗ್ಯಾನಪ್ಪ ಮಾತ್ರ ಹೋಗಲಿಲ್ಲ. ಅಲ್ಲೇ ಉಳಿದ. ಎಣ್ಣೆ ಹಾಕುವವನಾಗಿ ಸೇರಿ, ಇಂಜಿನ್ನಿನ ಯಜಮಾನನೇ ಆದ. ಅದರ ನೆತ್ತಿಯ ಮೇಲೆ ಕಟ್ಟಿಗೆಯ ಗಿಳಿಯೊಂದನ್ನು ಕೂರಿಸಿ, ಗಿಳಿ ನಡುಗುವ ರೀತಿ ನೋಡಿ ಇಂಜಿನ್ನಿಗೆ ಏನಾಗಿದೆ ಅಂತ ಹೇಳುತ್ತಿದ್ದ. ಅವನ ಹೆಂಡತಿ ಹುಲಗೆಮ್ಮ ಜಿನ್ನಿಗೆ ಬುತ್ತಿ ತಂದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಹೇಳುವ ಮಾತು ಒಂದೇ: "ನನ್ನ ಸವತಿ ಎಣ್ಣಿ ಕುಡಿತಾಳ್ರಿ ಅಕ್ಕಾರ, ನಾನು ಬರೇ ನೀರು."

ನಮ್ಮ ಮನೆಯವರು ಆ ಜಿನ್ನಿನಲ್ಲಿ ಲೆಕ್ಕ ಬರೆಯುತ್ತಾರೆ. ನಮಗೆ ಮನೆ ಕೊಟ್ಟದ್ದೂ ಜಿನ್ನಿನ ಆವಾರದೊಳಗೇ. ಧಾರವಾಡದಲ್ಲಿ ಸಾಲೆ ಕಲಿತ ನಾನು ಹತ್ತಿಯ ನವಿರು ಮೂಗಿಗೆ ಹೋಗುವ ಈ ಮನೆಗೆ ಬಂದೆ. ಮಕ್ಕಳು ಕೆಮ್ಮಿದರೆ ಹತ್ತಿಯದೋ ನೆಗಡಿಯದೋ ತಿಳಿಯದೆ ಪೇಚಾಡುತ್ತೇನೆ.

ಯುದ್ಧ ಮುಗಿದ ವರ್ಷ ಸಾಹುಕಾರರು ಹೊಳೆಯಾಚೆ ಮಿಲಿಟರಿಯವರ ಹರಾಜಿಗೆ ಹೋಗಿ ಎರಡು ಫೋನು ಪೆಟ್ಟಿಗೆ ತಂದರು. ಒಂದನ್ನು ಜಿನ್ನಿನ ಆಫೀಸಿನಲ್ಲಿಟ್ಟು, ಇನ್ನೊಂದನ್ನು ಊರಾಚೆ ಕೆರೆಯ ದಂಡೆಯಲ್ಲಿದ್ದ ತಮ್ಮ ತೋಟದ ಬಂಗಲೆಯಲ್ಲಿಟ್ಟು ನಡುವೆ ತಂತಿ ಎಳೆಸಿದರು. ಅದೇ ಹರಾಜಿನ ದಾರಿಯಲ್ಲಿ ಯಾರೋ ಬಿಳಿ ದೊರೆ ಬಿಟ್ಟುಹೋದ ಮೋಟಾರು ದೋಣಿಯೊಂದು ಅವರ ಕಣ್ಣಿಗೆ ಬಿತ್ತು. ಜೋಡುಗಾಡಿಯ ಮೇಲೆ ಅದು ನಮ್ಮ ಆವಾರಕ್ಕೆ ಬಂದಾಗ ತಳದ ಹಲಗೆ ಕೊಳೆತು, ಇಂಜಿನ್ನಿನೊಳಗೆ ಇಲಿ ಮರಿ ಹಾಕಿತ್ತು.

"ಗ್ಯಾನಪ್ಪಾ, ಕೆರ್ಯಾಗ ಸಾರೋಟು ಹೊಡದಂಗ ಹೊಡಿಬೇಕು ನೋಡು ಇದನ್ನ," ಅಂದರು ಸಾಹುಕಾರರು.

ಗ್ಯಾನಪ್ಪ ದೋಣಿಯನ್ನು ಸುತ್ತು ಹಾಕಿದ. "ಆಗಲ್ರಿ ಸಾವ್ಕಾರ್ರ. ಇದರ ಮಾರಿ ಯಾವ ಕಡೆ ಐತ್ರಿ?"

ಎಲ್ಲರೂ ನಕ್ಕರು. ಅವನೂ ನಕ್ಕ. ಅವನು ಕಂಡದ್ದು ಆನೆಗೊಂದಿಯ ಹರಗೋಲು ಮಾತ್ರ. ಬುಟ್ಟಿಯ ಹಾಗೆ ದುಂಡಗಿರುವ ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ.

ಇಂಜಿನ್ನನ್ನು ಅವನು ಬಿಚ್ಚಿ ಬಿಡಿಬಿಡಿಯಾಗಿ ಗೋಣಿತಟ್ಟಿನ ಮೇಲೆ ಹರಡಿದ. ತುಕ್ಕಿಗೆ ಸಿಕ್ಕಿಕೊಂಡಿದ್ದ ಪಿಸ್ಟನ್ನಿಗೆ ಸೀಮೆಎಣ್ಣೆ ಕುಡಿಸುತ್ತ ಅದು ಸಡಿಲಾಗುವ ತನಕ ಕಾದ. ಮುರಿದ ಭಾಗಕ್ಕೆ ಹಳೆಯ ಲಾರಿಯದನ್ನು ಕೂಡಿಸಿದ. ದೋಣಿಯ ಪಕ್ಕೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅದನ್ನು ಓದಿಸಲು ನನ್ನನ್ನು ಕರೆದ.

"ಮೇಫ್ಲೈ ಅಂತ ಐತಿ ಕಾಕಾ. ಅದೊಂದು ಹುಳ. ಒಂದೇ ದಿನ ಬದುಕತೈತಂತ."

ಗ್ಯಾನಪ್ಪ ಕೈಯಲ್ಲಿದ್ದ ಉಳಿ ಕೆಳಗಿಟ್ಟ. "ಒಂದ ದಿನ ಬದುಕೋ ಹುಳದ ಹೆಸರ ಇಟ್ಟಾನೇನ್ರಿ ದೊರಿ? ಅದಕ್ಕ ಬಿಟ್ಟು ಹೋಗ್ಯಾನ ಮಗ!" ಅಂದವನೇ ಹೆಸರನ್ನು ಹೆರೆದು ಹಾಕಿದ. ಆ ಜಾಗದಲ್ಲಿ ರೆಕ್ಕೆ ಬಂತು. ಮೂತಿಗೆ ನವಿಲಿನ ಕೊರಳು ಬಂತು. ಬಿಸಿಲಿಗೆ ನೆರಳಾಗಲಿ ಅಂತ ಪಲ್ಲಕ್ಕಿಯ ಮೇಲಿರುವಂಥ ಛಾವಣಿ, ಅದರ ಅಂಚಿಗೆ ಬಾಳೆಗೊನೆ, ಗಿಳಿಸಾಲು. ದೊರೆಯ ದೋಣಿ ದಿನದಿನಕ್ಕೆ ಕಿನ್ನಾಳದ್ದಾಯಿತು. ಅಷ್ಟು ಚೆಂದದ್ದನ್ನು ನಾನು ಧಾರವಾಡದಲ್ಲೂ ನೋಡಿರಲಿಲ್ಲ. ಆದರೂ ಆ ಹುಳದ ಮಾತನ್ನು ಯಾಕಾದರೂ ಹೇಳಿದೆನೋ ಅಂತ ಒಳಗೊಳಗೇ ಚುಚ್ಚುತ್ತಿತ್ತು.

ಹೊಸ ಹಲಗೆ ಕೂಡಿಸಿದ ಮೇಲೆ ಸಂದಿಗೆ ಡಾಂಬರು ಬೇಕಿತ್ತು. ಯುದ್ಧ ಮುಗಿದಿತ್ತು, ಡಾಂಬರು ಬಂದಿರಲಿಲ್ಲ. ಕುಷ್ಟಗಿಗೆ ಆಳು ಹೋಗಿ ಬಂದ, ಯಲಬುರ್ಗಾಕ್ಕೆ ಹೋಗಿ ಬಂದ. ಎಲ್ಲಿಯೂ ಇಲ್ಲ. ಆಗ ಗ್ಯಾನಪ್ಪ, "ನಮ್ಮ ಕಿಟ್ಟ ಇರೂತನ ಡಾಂಬರ ಯಾಕ್ರಿ?" ಅಂದ. "ನಾವು ಮಾಡಿದ ದೇವ್ರು ಜಡಿಮಳ್ಯಾಗ ಊರು ಸುತ್ತಿ ಬರತಾವ. ಒಂದರ ಮೂಗರ ಉದುರೇತೇನು?"

ಹುಲಗೆಮ್ಮ ಬೀಸಿದಳು, ಅವನು ಕಲಸಿದ. ಕಿಟ್ಟ ತುಂಬಿ, ಬಣ್ಣ ಬಳಿದು, ಮೇಲೆ ಕೈ ಜಾರುವ ಹಾಗೆ ವಾರ್ನಿಸು ಹಚ್ಚಿದ. ಆಮೇಲೆ ಜಿನ್ನಿನ ಹೆಣ್ಣಾಳುಗಳಿಂದ ಕೊಡಗಟ್ಟಲೆ ನೀರು ತರಿಸಿ ದೋಣಿಯೊಳಗೇ ತುಂಬಿಸಿದ. ಸಂಜೆಯ ತನಕ ಕಾದೆವು. ಒಂದು ಹನಿಯೂ ಹೊರಗೆ ಬರಲಿಲ್ಲ. ಸಾಹುಕಾರರು ಅವನ ಬೆನ್ನು ತಟ್ಟಿದರು.

ಅವನ ಅಪ್ಪ ಅವನಿಗೆ ಒಂದು ನೇಮ ಕಲಿಸಿದ್ದ. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಬರೆಯುವಾಗ ಮಾತಾಡಬಾರದು, ಯಾರೂ ಮಾತಾಡಿಸಬಾರದು. ತೆರೆದ ಕಣ್ಣು ಮೊದಲು ಕೂಸಿನ ಮುಖ ನೋಡಬೇಕು. ಗೊಂಬೆಯಾದರೆ ಕೂಸಿನ ಕೈಗೆ ಕೊಟ್ಟರಾಯಿತು. ದೋಣಿಯಾದ್ದರಿಂದ ಕೂಸನ್ನೇ ಅದರಲ್ಲಿ ಕೂರಿಸಬೇಕು. ಆವಾರದಲ್ಲಿ ಕೂರುವ ವಯಸ್ಸಿನ ಕೂಸು ಗುಂಡನೊಬ್ಬನೇ. ನಮ್ಮತ್ತೆ ಶಿವಬಸಮ್ಮನವರು ಹಿಗ್ಗಿ ಹೀರೇಕಾಯಿಯಾಗಿ ಅವನಿಗೆ ಜರಿಟೋಪಿ ಹೊಲಿಸಿದರು.

ಆಗಲೇ ಕುದುರೆ ಹಂಡೆಗೆ ಬಿದ್ದದ್ದು.

ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೊದಲು ಅತ್ತೆಗೆ ತೋರಿಸಿದೆ. "ಕುದಿಯೋ ನೀರಾಗ ಹಾಕಿದ್ರ ಏನ್ ಉಳದೀತವ್ವಾ? ಕೆರಿ ಏನ್ ಕುದಿತೈತೇನು?" ಅಂದು ಅವರು ಟೋಪಿಯ ಗೊಂಡೆ ಹೊಲಿಯುತ್ತ ಕೂತರು. ಅದೂ ಖರೆ ಅನ್ನಿಸಿತು.

ಊಟಕ್ಕೆ ಬಂದ ಮನೆಯವರಿಗೆ ಹೇಳಿದೆ. ಅವರು ಕುದುರೆಯ ಒಂದು ಕಾಲು ತಿರುಗಿಸಿ ನೋಡಿದರು. "ಇಲ್ಲಿ ನೋಡು, ನಿನ್ನ ಮಗನ ಹಲ್ಲಿನ ಗುರುತು. ವಾರ್ನಿಸೆಲ್ಲ ಕಚ್ಚಿ ಕಚ್ಚಿ ತಗದಾನ. ದೋಣಿ ಯಾರು ಕಚ್ಚತಾರ? ಧಾರವಾಡದಾಗ ಸಾಲಿ ಕಲತದ್ದು ಬರೇ ಅಂಜಾಕೇನು?"

ಅದೂ ಖರೆಯೇ. ನೀರು ತುಂಬಿಸಿ ನೋಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಹಂಡೆಯ ಬಿಸಿಯೋ, ಹಲ್ಲಿನ ಗಾಯವೋ, ಕಿಟ್ಟದ ಗುಣವೇ ಅಷ್ಟೋ? ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ದೊಡ್ಡದಾಗಿ ಬಾಯಿ ಮಾಡಿದರೆ ಗ್ಯಾನಪ್ಪನ ಹೆಸರಿಗೆ ಮಸಿ. ಸುಮ್ಮನಿದ್ದರೆ ಗುಂಡ.

ಕಡೆಗೆ ಗ್ಯಾನಪ್ಪನನ್ನೇ ಕೇಳೋಣ ಅಂತ ದೋಣಿ ಇಟ್ಟಿದ್ದ ಚಪ್ಪರದ ಕಡೆ ಹೋದೆ. ಅವನು ಮಂಡಿಯೂರಿ ಕೂತು ನವಿಲಿನ ಕಣ್ಣು ಬರೆಯುತ್ತಿದ್ದ. ನನ್ನ ಹೆಜ್ಜೆ ಕೇಳಿ, ತಿರುಗದೆಯೇ ಎಡಗೈ ಎತ್ತಿ ತಡೆದ. ಹುಲಗೆಮ್ಮ ದೂರದಿಂದಲೇ ಬಾಯಿಗೆ ಬೆರಳಿಟ್ಟಳು. ಸೆರಗಿನ ಗಂಟು ಹಿಡಿದುಕೊಂಡು ಒಂದಷ್ಟು ಹೊತ್ತು ನಿಂತೆ. ಮನೆಯೊಳಗಿನಿಂದ ನನ್ನ ಎರಡನೆಯದು, ಕೈಗೂಸು, ಅತ್ತಿತು. ಹೊರಟುಬಂದೆ.

ಮರುದಿನವೇ ದೋಣಿ ಇಳಿಸುವುದಿತ್ತು, ಅದೇ ದಿನ ಕೈಗೂಸಿಗೆ ಮೈ ಬೆಚ್ಚಗಾಯಿತು. ನಾನು ಮನೆಯಲ್ಲೇ ಉಳಿದೆ. ಗುಂಡ ಜರಿಟೋಪಿ ಹಾಕಿಕೊಂಡು ಅಜ್ಜಿಯ ತೊಡೆಯೇರಿ, ಅವನಪ್ಪನ ಜೊತೆ ಗಾಡಿಯಲ್ಲಿ ಹೋದ. ಮುಂದಿನ ಜೋಡುಗಾಡಿಯ ಮೇಲೆ ನವಿಲು. ಆಳುಮಕ್ಕಳೆಲ್ಲ ಚರ್ಮದ ಹಲಗೆ ಬಾರಿಸುತ್ತ ಹಿಂದೆ ಹೊರಟರು. ಆವಾರದಲ್ಲಿ ಉಳಿದವರು ನಾನು, ಕೂಸು, ಆಫೀಸಿನ ಕಸ ಹೊಡೆಯುವ ತಾಜಬೀ.

ಮನಸ್ಸು ತಡೆಯದೆ ಕೂಸನ್ನು ಬಗಲಲ್ಲಿಟ್ಟುಕೊಂಡು ಗೇಟಿನ ತನಕ ಹೋದೆ. ಅಲ್ಲಿ ತಾಜಬೀ ಪೊರಕೆ ಹಿಡಿದು ಗೊಣಗುತ್ತಿದ್ದಳು.

"ಎಷ್ಟ್ ಬಣ್ಣ ಬಳದು ಹೋಗ್ಯಾರ ನೋಡ್ರಿ ಬಾಯಿ, ಈ ಕಲ್ಲಿಗಿ. ಗಾಡಿ ತಿರಗಲಿಲ್ಲ, ದೋಣಿ ತಳ ಗರ್ರಂತ ಉಜ್ಜಿತು. ಯಾರಿಗಿ ಕೇಳಸತೈತಿ ಆ ಹಲಗಿ ಗದ್ದಲದಾಗ?"

ಗೇಟಿನ ಮೂಲೆಗಲ್ಲಿಗೆ ಕೆಂಪು ಬಣ್ಣದ ಗೀರು, ನನ್ನ ಮೊಳಕೈಗಿಂತ ಉದ್ದ. ಬಣ್ಣದ ಜೊತೆ ಕಂದು ಹಿಟ್ಟಿನಂಥದೇನೋ ಮೆತ್ತಿತ್ತು. ಉಗುರಿನಿಂದ ಕೆರೆದು ಮೂಸಿದೆ. ಹುಣಸೆ ಬೀಜ. ಅಂಗೈಯಲ್ಲಿಟ್ಟು ಎಂಜಲು ಹಚ್ಚಿ ತಿಕ್ಕಿದೆ. ಬಿಸಿ ನೀರಿರಲಿಲ್ಲ, ಹಲ್ಲಿರಲಿಲ್ಲ. ತಿಕ್ಕುತ್ತ ತಿಕ್ಕುತ್ತ ಲೋಳೆಯಾಯಿತು.

"ತಾಜಬೀ, ಆ ಫೋನು ಹೆಂಗ ಮಾಡತಾರ?"

"ನನಗೇನ್ ಗೊತ್ರಿ ಬಾಯಿ? ಸಾವ್ಕಾರ್ರು ಆ ಹಿಡಿಕಿ ಬೀಸೋಕಲ್ಲ್ ತಿರುವಿದಂಗ ತಿರವತಾರ, ಆಮ್ಯಾಲ ಒದರತಾರ."

ಅಷ್ಟು ಸಾಕಾಯಿತು. ಆಫೀಸಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕೂಸನ್ನು ತಾಜಬೀಯ ಕೈಗಿತ್ತು ಹಿಡಿಕೆ ತಿರುವಿದೆ. ಫೋನಿನ ಕೊಳವೆಯ ಯಾವ ತುದಿ ಕಿವಿಗೆ, ಯಾವುದು ಬಾಯಿಗೆ ತಿಳಿಯದೆ ತಲೆಕೆಳಗು ಹಿಡಿದೆ. ತಾಜಬೀಯೇ ಬಂದು ಸರಿಮಾಡಿದಳು. ಮತ್ತೆ ತಿರುವಿದೆ. ಗರಗರ ಸದ್ದು, ಅದರಾಚೆ ಹಲಗೆಯ ಬಡಿತ. ಯಾವುದೋ ಗಂಡಸಿನ ದನಿ ಕಿವಿ ಒಡೆಯುವಂತೆ ಕೂಗಿತು.

"ಯಾರಂವ? ನಾನು ಬಂಗ್ಲೆ ವಾಚಮನ್ ಹುಲಿಗೆಪ್ಪ!"

"ನಾನು... ಜಿನ್ನಿನ ಲೆಕ್ಕದವರ ಮನ್ಯಾಕಿ."

"ಯಾರು ಬೇಕ್ರಿ ಅವ್ವಾರ? ಲಗೂ ಹೇಳ್ರಿ, ದೋಣಿ ಇಳದೈತಿ!"

ಬೇಕಾದದ್ದು ಗುಂಡನ ಅಪ್ಪ. ಆದರೆ ಗಂಡನ ಹೆಸರನ್ನು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಿದ್ದೇ ಕಡೆ. ಈಗ ಒಡಪೂ ನೆನಪಾಗಲಿಲ್ಲ. 'ಅವರು' ಅಂದರೆ ಹುಲಿಗೆಪ್ಪನಿಗೆ ಯಾರೆಂದು ತಿಳಿಯಬೇಕು? ಸಾಹುಕಾರರನ್ನು ಕರೆಸಿದರೆ ಏನೆಂದು ಹೇಳಲಿ?

"ಯಾರ್ ಬೇಕ್ರಿ?"

"ಗ್ಯಾನಪ್ಪ ಕಾಕಾನ್ನ ಕರಿ," ಅಂದುಬಿಟ್ಟೆ. "ಓಡಿ ಬರಾಕ ಹೇಳು. ಅಂವಾ ತಿರಿಗಿ ಬರೂತನ ಕೂಸಿನ್ನ ಹತ್ತಸಬ್ಯಾಡಂತ ಹೇಳು."

ಕೊಳವೆ ಯಾವುದಕ್ಕೋ ಬಡಿದ ಸದ್ದಾಯಿತು. ಇಂಜಿನ್ನು ಗುಡುಗುಡು ಅನ್ನುವುದು ಕೇಳಿಸಿತು. ಹತ್ತಿಸಿಬಿಟ್ಟಿದ್ದರೆ? ಏನೂ ಆಗದೆ ದೋಣಿ ತೇಲುತ್ತಿದ್ದರೆ? ಶುಭ ಹೊತ್ತಿನಲ್ಲಿ ಅಪಶಕುನ ನುಡಿದವಳು ಅಂತ ಅತ್ತೆ ವರ್ಷವಿಡೀ ಆಡಿಕೊಂಡಾರು. ಕೊಳವೆಯನ್ನು ಕೆಳಗಿಟ್ಟುಬಿಡಲೇ ಅನ್ನಿಸಿತು. ಹೇಗೆ ಇಡಬೇಕೋ ಅದೂ ಗೊತ್ತಿರಲಿಲ್ಲ.

"ಅವ್ವಾರ?" ಗ್ಯಾನಪ್ಪನಿಗೆ ಏದುಸಿರು.

"ಕಾಕಾ, ಕುದುರಿ ಬಿಚ್ಚಿ ಹೋತು."

"ಯಾವ ಕುದುರಿ ಅವ್ವಾರ?"

"ನೀ ಗುಂಡಗ ಮಾಡಿ ಕೊಟ್ಟದ್ದು. ನೀರಾಗ ಬಿದ್ದಿತ್ತು. ಕಿಟ್ಟ ಎಲ್ಲಾ ಗಂಜಿ ಆಗೇತಿ. ಕಾಕಾ, ಇಲ್ಲಿ ಗೇಟಿನ ಕಲ್ಲಿಗೆ ದೋಣಿ ತಳ ಉಜ್ಜೇತಿ. ಬಣ್ಣ ಹತ್ತೇತಿ. ಬರೇ ಬಣ್ಣ ಅಲ್ಲ, ಕಿಟ್ಟಾನೂ ಬಂದೈತಿ."

ಸಾಹುಕಾರರು ಯಾರನ್ನೋ ಕರೆದು ನಗುವುದು ಕೇಳಿಸಿತು.

"ಕುದುರೀಗೆ ಹಲ್ಲು ಹಚ್ಚಿದ್ನೇನ್ರಿ ಕೂಸು?" ಅಂತ ಗ್ಯಾನಪ್ಪ ಕೇಳಿದ.

"ಹೂಂ. ಹಚ್ಚಿದ್ದ."

"ವಾರ್ನಿಸು ಹೋಗಿತ್ತೇನ್ರಿ ಅಲ್ಲಿ?"

"ಹೋಗಿತ್ತು."

ಅವನ ಎದುರಿಗೆ ಈಗ ಏನೇನಿದೆ ಅಂತ ನೆನೆದೆ. ಅವನ ಅಪ್ಪನ ಕಿಟ್ಟ, ಆ ನವಿಲು, ಜಡಿಮಳೆಯ ದೇವರು, ಅಷ್ಟು ಜನ ದಂಡೆಯ ಮೇಲೆ. ಅವನು ಸಿಟ್ಟಾದರೆ ಏನು ಮಾಡುವುದು?

"ಅವ್ವಾರ, ಫೋನು ಹಂಗ ಹಿಡಕೊಂಡಿರ್ರಿ," ಅಂದ.

ಆಮೇಲೆ ಅವನ ದನಿ ಬೇರೆ ಕಡೆ ತಿರುಗಿತು. ಜಿನ್ನು ನಡೆಯುವಾಗಲೂ ಆಚೆಗೆ ಕೇಳುವಂಥ ಅವನ ಕೂಗು. "ಏ, ಇಂಜಿನ್ ಬಂದ್ ಮಾಡ್ರೋ! ಕೂಸಿನ್ನ ಇಳಸ್ರಿ ಈಶಪ್ಪನಾರ, ಇಳಸ್ರಿ ಮೊದಲ! ಹಗ್ಗ ಹಿಡದು ಜಗ್ಗ್ರಿ ದಂಡಿಗೆ!" ನನ್ನ ಬಾಯಿಗೆ ಬಾರದ ಗಂಡನ ಹೆಸರು ಅವನ ಕೂಗಿನಲ್ಲಿ ಬಂತು.

"ಯಾಕಲೇ ಗ್ಯಾನಪ್ಪಾ? ಏನಾತು?" ಸಾಹುಕಾರರ ದನಿ.

"ನನ್ನ ಕೆಲಸ ಇನ್ನೂ ಮುಗದಿಲ್ರಿ ಸಾವ್ಕಾರ್ರ."

"ಕಣ್ಣು ಬರದು ಆದಮ್ಯಾಲ ಎಂಥಾ ಕೆಲಸಲೇ?"

"ಡಾಂಬರ ಬೇಕ್ರಿ. ಡಾಂಬರ ಸಿಗೂತನ ನೀರಿಗೆ ಬ್ಯಾಡ್ರಿ."

ಹಲಗೆಯ ಬಡಿತ ನಿಂತಿತು. ಗುಡುಗುಡು ನಿಂತಿತು. ಯಾರೋ ಬೈದರು, ಯಾರೋ ನಕ್ಕರು. "ತಳದಾಗ ನೀರು ಬಂದೈತ್ರೋ!" ಅಂತ ಒಬ್ಬ ಅಂದ ಹಾಗಿತ್ತು. "ಅದು ಕಾಲಿಂದ ಹತ್ತಿದ ನೀರು ತಗೀ," ಅಂದ ಹಾಗೂ ಇತ್ತು. ಯಾವುದು ಖರೆಯೋ ಆ ಗರಗರದಲ್ಲಿ ತಿಳಿಯಲಿಲ್ಲ. ಅದೆಲ್ಲದರ ಮೇಲೆ ಗುಂಡನ ದನಿ ಎದ್ದಿತು. ನವಿಲು ಬೇಕು ಅಂತ ಗಂಟಲು ಹರಿಯುವಂತೆ ಅಳುತ್ತಿದ್ದ.

ತಾಜಬೀ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂತಾರ್ರಿ ಬಾಯಿ?"

"ಗುಂಡ ಅಳಾಕತ್ಯಾನ," ಅಂದೆ. ಕೊಳವೆಯನ್ನು ಇನ್ನಷ್ಟು ಕಿವಿಗೆ ಒತ್ತಿ ಹಿಡಿದುಕೊಂಡೆ.