ಮೊದಲ ಹಾಲು

ದೇವದುರ್ಗದ ಬಸ್ಸಿಳಿದು ಅರಕೇರಾದ ನಮ್ಮ ಓಣಿಗೆ ಬರುತ್ತಿದ್ದ ನರ್ಸಬಾಯಿ ಯಾರನ್ನೂ ಬೈದವರಲ್ಲ. ಕೈ ತೊಳೆದುಕೊಂಡು, "ಯವ್ವಾ, ಒಂದ್ ಮಾತು ಕೇಳ್ಲೇನು?" ಅನ್ನುತ್ತಿದ್ದರು, ಅಷ್ಟೆ.

ನಾನು ಎರಡನೇ ಸಲ ಹಡೆದ ದಿನ, ಎಲ್ಲರ ಮನೆಯ ರೂಢಿಯಂತೆ, ನನ್ನ ಮೊದಲ ಹಾಲು ಹಿಂಡಿ ಚೆಲ್ಲಲು ಅತ್ತೆ ಬಟ್ಟಲು ತಂದರು. ಹಿಂದಿನ ಕೂಸಿಗೂ ಹಾಗೇ ಮಾಡಿ ಬರೀ ಸಕ್ಕರೆ ನೀರು ಹಾಕಿದ್ದರು. ಅದು ನಾಲ್ಕೇ ದಿನ ಉಳಿದಿತ್ತು.

"ಯವ್ವಾ, ಒಂದ್ ಮಾತು ಕೇಳ್ಲೇನು? ಆಕಳ ಕರಕ್ಕ ಮೊದಲ ಹಾಲು ಬಿಡ್ತೀರೋ ಇಲ್ಲೋ?"

"ಬಿಡ್ಲಿಲ್ಲಂದ್ರ ಕರ ಉಳೀತದೇನ್ರೀ?" ಎಂದ ಅತ್ತೆ ಗಕ್ಕನೆ ಕೂಸಿನ ಕಡೆ ನೋಡಿದರು. ಬಟ್ಟಲು ಕೆಳಗಿಟ್ಟು, ಕೂಸನ್ನು ನನ್ನ ಎದೆಗೆ ಹಚ್ಚಿದರು.

ಆಮೇಲೆ ಕೇಳಿದರು: "ಆ ಕೂಸಿನ ಹೊತ್ತಿಗಿ ಯಾಕ ಬರ್ಲಿಲ್ರೀ ನೀವು?"

ನರ್ಸಬಾಯಿ ಅತ್ತೆಯ ಕೈ ಹಿಡಿದು ಕೂತೇ ಇದ್ದರು.