ಮಜ್ಜಿಗೆಗೆ ಹಾಕದ ಬಾಳೆದಿಂಡು

ಬಾಳೆದಿಂಡನ್ನು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ ಎಂಬುದು ನಮ್ಮ ಸಾಗರದ ಯಾವ ಅಡುಗೆಮನೆಗೂ ಹೊಸ ಸಂಗತಿಯಲ್ಲ. ಅದರ ಹಿಂದಿನ ರಸಾಯನಶಾಸ್ತ್ರ ಬಲ್ಲವನು ಮಾತ್ರ ನಾನೊಬ್ಬನೇ ಎಂಬ ಹಮ್ಮು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಮೊನ್ನೆ ಮೊನ್ನೆಯವರೆಗೂ ಇತ್ತು. ಪ್ರಾಣವಾಯುವೆಂದು ನಾವು ಪೂಜಿಸುವ ಆಮ್ಲಜನಕವೇ ದಿಂಡನ್ನು ಕಪ್ಪಾಗಿಸುತ್ತದೆ, ಒಡಲೊಳಗೆ ಅದೇ ಕೆಲವು ಉಗ್ರರೂಪಗಳನ್ನು ತಾಳಿ, ಕಬ್ಬಿಣಕ್ಕೆ ತುಕ್ಕು ಹಿಡಿಸಿದಂತೆ ಜೀವಕೋಶಗಳನ್ನು ಕೆಡಿಸುತ್ತದೆ ಎಂದು, ಯಕ್ಷಗಾನದ ರಕ್ಕಸನನ್ನು ರಂಗಕ್ಕೆ ತರುವ ಉತ್ಸಾಹದಲ್ಲಿ ವರ್ಣಿಸುತ್ತಿದ್ದೆ. ತರಗತಿಯ ಮಕ್ಕಳು ಆಕಳಿಸುತ್ತಿದ್ದರು.

ಹೋದ ವರ್ಷ ಹೊಸನಗರದ ನನ್ನ ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್ ಎಂದಾಯಿತು. ನಮ್ಮ ಮನೆಯಲ್ಲೇ ಉಳಿದು, ದಿನಾ ಬೆಳಿಗ್ಗೆ ನನ್ನ ಕಾರಿನಲ್ಲಿ ಶಿವಮೊಗ್ಗಕ್ಕೆ ಹೋಗಿ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದಳು. ಸೊರಗುತ್ತಿದ್ದ ಅವಳ ಮುಖ ನೋಡಲಾರದೆ ನಾನು ಪಂಡಿತನಾದೆ. ಆ ಆಮ್ಲಜನಕದ ಹಾವಳಿ ತಡೆಯುವ ಉತ್ಕರ್ಷಣ ನಿರೋಧಕಗಳೆಂಬ, ಅಂದರೆ ಆಂಟಿಆಕ್ಸಿಡೆಂಟ್‌ಗಳೆಂಬ, ದೊಡ್ಡ ಡೋಸಿನ ವಿಟಮಿನ್ ಮಾತ್ರೆಗಳನ್ನು ತಂದು ಎರಡು ಹೊತ್ತೂ ಕೊಡತೊಡಗಿದೆ. ದಿಂಡಿಗೆ ಮಜ್ಜಿಗೆ ಹೇಗೋ ಅಕ್ಕನಿಗೆ ಇದು ಹಾಗೆ ಎಂಬುದು ನನ್ನ ಸಿದ್ಧಾಂತ.

“ಎಂತಕ್ಕೋ ಇದು? ಡಾಕ್ಟ್ರಿಗೆ ಹೇಳ್ಬೇಕಾ?” ಎಂದು ಅಕ್ಕ ಕೇಳಿದ್ದಳು.

“ಶಕ್ತಿಗೆ. ಹೇಳೋದೆಂತಕ್ಕೆ? ನಾನೇ ಪಾಠ ಮಾಡಿದ್ದಲ್ವಾ?” ಎಂದಿದ್ದೆ. ಅವಳು ಮಾತ್ರೆ ನುಂಗಿದಳು.

ನಾಲ್ಕನೆಯ ವಾರ ಅವಳ ಚೀಲದಿಂದ ಆ ಮಾತ್ರೆಗಳ ಡಬ್ಬಿ ಡಾಕ್ಟರ ಮೇಜಿನ ಮೇಲೆ ಉರುಳಿತು. ಡಾಕ್ಟರು ತೀರ್ಥಹಳ್ಳಿಯವಳು, ನನ್ನ ತರಗತಿಯಲ್ಲೇ ಆಕಳಿಸಿದವಳು. ಡಬ್ಬಿಯ ಮೇಲಿನ ಚೀಟಿ ಓದುತ್ತಿದ್ದಂತೆ ಅವಳ ಮುಖ ಬಿಗಿಯಾಯಿತು.

“ಸಾರ್, ಯಾವ ಆಮ್ಲಜನಕವನ್ನ ನೀವು ರಾಕ್ಷಸ ಅಂತಿದ್ರೋ, ವಿಕಿರಣದಲ್ಲಿ ಈ ಗಡ್ಡೆ ಸುಡೋಕೆ ನಾವು ಅದನ್ನೇ ನಂಬಿದೀವಿ. ಬಿಳಿ ರಕ್ತಕಣಗಳು ರೋಗಾಣು ಕೊಲ್ಲೋದೂ ಅದರಿಂದಲೇ. ಇಷ್ಟು ಡೋಸು ಗಡ್ಡೆಯನ್ನೂ ಕಾಪಾಡ್ಬಹುದು. ಇವತ್ತೇ ನಿಲ್ಸಿ.”

“ಹಾಗಾದ್ರೆ ಇಷ್ಟು ದಿನದ್ದು?” ಎಂದೆ.

“ಹೇಳೋಕಾಗಲ್ಲ ಸಾರ್. ಮುಗಿದ ಮೇಲೆ ಸ್ಕ್ಯಾನ್ ಹೇಳ್ಬೇಕು.”

ಮರಳಿ ಬರುವಾಗ ಆನಂದಪುರ ದಾಟಿದ ಮೇಲೆ ಅಕ್ಕ ಕಿಟಕಿಯಾಚೆ ನೋಡುತ್ತಲೇ, “ನಾನು ಕೇಳಿದ್ದೆ ಅಲ್ವನೋ” ಎಂದಳು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅರ್ಧಂಬರ್ಧ ವಿದ್ಯೆಯವನಿಗಿಂತ ಅದನ್ನು ಪ್ರೀತಿಯಿಂದ ಬಡಿಸುವವನು ಹೆಚ್ಚು ಅಪಾಯಕಾರಿ ಎಂದು, ಮಿತ್ರರೇ, ನಿಮಗೆ ನಗುತ್ತಾ ಹೇಳಬೇಕೆಂದಿದ್ದೆ, ನಗು ಬರುತ್ತಿಲ್ಲ. ಚಿಕಿತ್ಸೆ ಮುಗಿದು ಸ್ಕ್ಯಾನಿಗಾಗಿ ಕಾದ ಮೂರು ತಿಂಗಳು ನನಗೆ ಅನ್ನ ರುಚಿಸಲಿಲ್ಲ.

ನಾಳೆ ಆ ಸ್ಕ್ಯಾನು. ಇವತ್ತು ಅಕ್ಕ ತಾನೇ ಅಡುಗೆಮನೆ ಹೊಕ್ಕು ಬಾಳೆದಿಂಡು ಹೆಚ್ಚತೊಡಗಿದಳು. ಬಿಳಿ ಬಿಲ್ಲೆಗಳ ಅಂಚು ಕಂದಾಗುವುದನ್ನು ಕಂಡು ನಾನು ಅಭ್ಯಾಸಬಲದಿಂದ ಮಜ್ಜಿಗೆಯ ಪಾತ್ರೆ ಎತ್ತಿದೆ.

“ಇಡೋ ಅದನ್ನ. ಕಪ್ಪಾದ್ರೂ ಪಲ್ಯ ಆಗ್ತದೆ” ಎಂದಳು. ದಿಂಡು ಹೆಚ್ಚುತ್ತಲೇ, “ನಾಳೆ ನೀನೂ ಒಳಗೆ ಬಾ. ಆದ್ರೆ ಕೇಳೋದೆಲ್ಲ ನಾನೇ ಕೇಳ್ತೀನಿ” ಎಂದಳು.

ಪಾತ್ರೆಯನ್ನು ಕೆಳಗಿಟ್ಟೆ. ತಟ್ಟೆಯ ತುಂಬ ದಿಂಡು ಕಪ್ಪಾಗುತ್ತಿತ್ತು. ನಾನು ಕೈಕಟ್ಟಿ ನೋಡುತ್ತಾ ಕುಳಿತೆ.