ನಮ್ಮ ಮನೆಯ ಎರಡು ಶುಕ್ರವಾರಗಳು

ಇವತ್ತು ಬೆಳಿಗ್ಗೆ ಸೊಸೆ ಮಗುವಿನ ನೆತ್ತಿಗೆ ತಟ್ಟಲೆಂದು ಔಡಲೆಣ್ಣೆ ಬಿಸಿ ಮಾಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದ ನಾನು ಒಬ್ಬಳೇ ಕಿಸಕ್ಕನೆ ನಕ್ಕುಬಿಟ್ಟೆ. ಸೊಸೆ ಬಾಗಿಲಲ್ಲಿ ಇಣುಕಿ ನೋಡಿ ಹೋದಳು. ಅರವತ್ತು ದಾಟಿದ ಹೆಂಗಸು ಬೇಳೆ ನೋಡಿಕೊಂಡು ನಕ್ಕರೆ ಮನೆಯವರಿಗೆ ಗಾಬರಿಯಾಗದೆ ಇರುತ್ತದೆಯೇ? ನಗುವಿಗೆ ಕಾರಣವಿತ್ತು. ಅವಳಿಗೆ ಹೇಳಲು ಕೂತರೆ ಎಣ್ಣೆ ಸೀದುಹೋಗುತ್ತದೆ. ನಿಮಗೆ ಹೇಳುತ್ತೇನೆ, ನಿಮ್ಮ ಒಲೆಯ ಮೇಲೆ ಏನೂ ಇಲ್ಲವೆಂದುಕೊಂಡಿದ್ದೇನೆ.

ನಮ್ಮಪ್ಪ ಸುರಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಕೆಲಸದಲ್ಲಿ ಅವನ ಹೆಸರು ಎಷ್ಟಿತ್ತೋ ಗೊತ್ತಿಲ್ಲ, ವಿಶ್ರಾಂತಿಯಲ್ಲಿ ಮಾತ್ರ ಅವನನ್ನು ಮೀರಿಸುವವರು ಆ ಗುಡ್ಡದ ಊರಿನ ಸುತ್ತ ಯಾರೂ ಇರಲಿಲ್ಲ. ನಿಜಾಮಶಾಹಿಯಲ್ಲಿ ಕಚೇರಿಗಳಿಗೆ ಶುಕ್ರವಾರ ಸೂಟಿ. ಆ ದಿನ ಬೆಳಿಗ್ಗೆ ಅವ್ವ ಬಿಸಿ ಔಡಲೆಣ್ಣೆಯ ಬಟ್ಟಲು ತಂದಿಟ್ಟರೆ ಅಪ್ಪ ನೆತ್ತಿಯಿಂದ ಅಂಗಾಲಿನವರೆಗೆ ಹಚ್ಚಿಕೊಂಡು ಪಡಸಾಲೆಯ ಫರಸಿಕಲ್ಲಿನ ಮೇಲೆ ಉದ್ದಕ್ಕೆ ಮಲಗುತ್ತಿದ್ದ. ಆ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಸುಣ್ಣದಲ್ಲಿ ಬರೆದಿತ್ತು. ಅಪ್ಪ ಮಲಗಿಕೊಂಡೇ ಕವಡೆ ಹಾಕುತ್ತಿದ್ದ, ಅವ್ವ ಒಲೆಗೂ ಆಟಕ್ಕೂ ನಡುವೆ ಓಡಾಡುತ್ತಲೇ ಅವನ ಕಾಯಿ ಹೊಡೆಯುತ್ತಿದ್ದಳು. “ಏಳ್ರಿ, ನೀರು ಕಾದಾವ” ಎಂದರೆ “ಎಣ್ಣಿ ಇನ್ನಾ ಮೈಯಾಗ ಇಳಿದಿಲ್ಲ” ಎನ್ನುತ್ತಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಇಳಿಯುತ್ತಿತ್ತು.

ಅಪ್ಪನ ತಾಯಿ, ನಮ್ಮ ಆಯಿ, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು ಇಡೀ ಮನೆಯನ್ನು ಆಳುತ್ತಿದ್ದಳು. ಅವಳಿಗೆ ಪಂಚಾಂಗ ಬೇಕಿರಲಿಲ್ಲ. ಮಗ ಎಣ್ಣೆ ಹಚ್ಚಿಕೊಂಡು ಮಲಗಿದ್ದಾನೆಂದರೆ ಶುಕ್ರವಾರ, ಅಲ್ಲಿಂದ ಬೆರಳು ಮಡಚಿದರೆ ಉಳಿದ ವಾರಗಳೆಲ್ಲ ಸಿಗುತ್ತಿದ್ದವು. ಶುಕ್ರವಾರಕ್ಕೆ ಅವಳ ಕಟ್ಟಳೆಗಳೂ ಇದ್ದವು. ಉಗುರು ತೆಗೆಯಬಾರದು. ನೆರೆಯವರಿಗೆ ಉಪ್ಪು, ಮೊಸರು ಕೊಡಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯ ಹೆಣ್ಣುಮಕ್ಕಳು ಊರಿಗೆ ಹೊರಡಬಾರದು, ಹೊರಟರೆ ಅವರ ಹಿಂದೆಯೇ ಲಕ್ಷ್ಮಿ ಹೊರಡುತ್ತಾಳೆ.

ನಿಜಾಮಶಾಹಿ ಮುಗಿದು ಹೈದರಾಬಾದು ಭಾರತಕ್ಕೆ ಸೇರಿದ್ದೇ, ಕಚೇರಿಗೆ ಒಂದಾದ ಮೇಲೊಂದು ಹುಕುಂ ಬರತೊಡಗಿದವು. ಅದರಲ್ಲೊಂದು, ಇನ್ನು ಮೇಲೆ ಸೂಟಿ ಶುಕ್ರವಾರವಲ್ಲ, ಭಾನುವಾರ. ಅಪ್ಪನಿಗೇನು, ಎಣ್ಣೆಯ ಬಟ್ಟಲು ಎರಡು ದಿನ ಮುಂದೆ ಹೋಯಿತು, ಅಷ್ಟೇ. ಪೇಚಾಟಕ್ಕೆ ಸಿಕ್ಕವಳು ಆಯಿ. ಅವಳು ನಾಲ್ಕು ವಾರ ನೋಡಿದಳು, ಯೋಚಿಸಿದಳು, ಕೊನೆಗೆ ತೀರ್ಪು ಕೊಟ್ಟಳು. “ದೇವರ ಶುಕ್ರಾರ ಒಂದು, ಸರ್ಕಾರದ ಶುಕ್ರಾರ ಒಂದು. ಲಕ್ಷ್ಮಿಗಿ ಸಿಟ್ಟು ಬರಬಾರದು, ಸರ್ಕಾರಕ್ಕೂ ಬರಬಾರದು. ಎರಡೂ ಪಾಲಸೂದು.”

ಹೀಗೆ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಶುಕ್ರವಾರಗಳಾದವು. ಎರಡು ದಿನ ಉಗುರು ತೆಗೆಯುವಂತಿಲ್ಲ, ಎರಡು ದಿನ ಉಪ್ಪು ಕೊಡುವಂತಿಲ್ಲ. ಪಕ್ಕದ ಮನೆಯ ಗಂಗಮ್ಮ ಗೋಡೆಯ ಮೇಲಿಂದ ಬಟ್ಟಲು ಚಾಚುವ ಮೊದಲು “ನಿಮ್ಮನ್ಯಾಗ ಇವತ್ತು ಯಾವ ವಾರ ಅದರಿ?” ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು. ನಾನಂತೂ ಸಾಲಿಯಲ್ಲಿ ವಾರಗಳ ಹೆಸರು ಹೇಳುವಾಗ ಎಂಟು ಎಣಿಸಿ ಮಾಸ್ತರರಿಂದ ಕಿವಿ ಹಿಂಡಿಸಿಕೊಂಡೆ.

ಆ ವರ್ಷ ಶ್ರಾವಣ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂಡಿ ಹೂಡಿಕೊಂಡು ಕರೆಯಲು ಬರಬೇಕು, ತಂಗಿ ತವರಿಗೆ ಹೋಗಿ ಅವನ ಬೆನ್ನಿಗೆ ಹಾಲು ಹಚ್ಚಬೇಕು, ಜೋಕಾಲಿ ಜೀಕಬೇಕು. ಅವ್ವ ಮೂರು ಪಂಚಮಿಗಳಿಂದ ಬೋನಾಳದ ತವರು ಕಂಡಿರಲಿಲ್ಲ. ಒಂದು ನನ್ನ ಜ್ವರದಲ್ಲಿ ಹೋಯಿತು. ಎರಡು ನಿಜಾಮಶಾಹಿಯ ಕೊನೆಯ ಗಲಾಟೆಯ ವರ್ಷಗಳಲ್ಲಿ ಹೋದವು, ಆಗ ಬೋನಾಳವೂ ಕಾಶಿಯಷ್ಟು ದೂರವಾಗಿತ್ತು. ಈ ಸಲ ಅವಳು ವಾರದ ಮುಂಚೆಯೇ ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿ ಬುಟ್ಟಿ ತುಂಬಿಸಿದ್ದಳು. ಪಡಸಾಲೆಯ ತೊಲೆಗೆ ಜೋಕಾಲಿಯೂ ಬಿದ್ದಿತ್ತು. ಓಣಿಯ ತುಂಬ ಹುಡುಗರು ದಾರ ಕಟ್ಟಿದ ಕೊಬ್ಬರಿ ಬಟ್ಟಲನ್ನು ಗುಂಯ್ಯೆಂದು ತಿರುಗಿಸುತ್ತಿದ್ದರು. ಅವ್ವ ಜೋಳದ ಹಿಟ್ಟು ಬೀಸುವಾಗಲೂ ಹಾಡುತ್ತಿದ್ದಳು, ಅವಳು ಅಷ್ಟು ಹಗುರಾದದ್ದನ್ನು ನಾನು ಕಂಡಿರಲಿಲ್ಲ.

ಅವ್ವನ ಅಣ್ಣ ಸಂಗಪ್ಪ ಮಾವ ಬಂಡಿ ಹೊಡೆದುಕೊಂಡು ಬಂದದ್ದು ಹಬ್ಬದ ಹಿಂದಿನ ದಿನ. ಭಾನುವಾರ. ಅಪ್ಪ ಎಣ್ಣೆಯಲ್ಲಿ ಮಿಂದು ಫರಸಿಯ ಮೇಲೆ ಮಲಗಿದ್ದ, ಅವ್ವ ಗಂಟು ಕಟ್ಟಿಟ್ಟು ಕೊನೆಯ ಆಟಕ್ಕೆ ಕೂತಿದ್ದಳು. ಮಾವ ನೀರು ಕುಡಿದು, “ಹಂಗಾರ ಹೊರಡ್ತೀವ್ರಿ ಅತ್ತಿ” ಎಂದ.

“ಎಲ್ಲಿಗಿ? ಇವತ್ತು ಶುಕ್ರಾರ” ಎಂದಳು ಆಯಿ.

“ಆಯ್ತಾರ ಅದರಿ!”

“ಆಯ್ತಾರ ನಿಮ್ಮ ಬೋನಾಳದಾಗ. ಈ ಮನ್ಯಾಗ ಶುಕ್ರಾರ. ಮಗ ಎಣ್ಣಿ ಹಚ್ಕೊಂಡು ಮಲಗಿದ್ದು ಕಾಣಂಗಿಲ್ಲೇನು? ನಾಳಿ ಕರ್ಕೊಂಡು ಹೋಗು.”

ನಾಳೆ ಪಂಚಮಿ. ಪಂಚಮಿಯ ದಿನ ಮಾವನ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಇವತ್ತು ಹೋದರೆ ಹೋದಂತೆ, ಇಲ್ಲವಾದರೆ ನಾಲ್ಕನೆಯ ಪಂಚಮಿಯೂ ಹೋಯಿತು. ಮಾವ ರುಮಾಲು ತೆಗೆದು ತಲೆ ಕೆರೆದುಕೊಂಡ. ನಾನು ಉಂಡಿಯ ಬುಟ್ಟಿ ತಬ್ಬಿಕೊಂಡು ಕೂತೆ. ಅವ್ವ ಕವಡೆಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ತೆಗೆದುಕೊಂಡಳು. ಆಮೇಲೆ ತಲೆಯೆತ್ತದೆ ಕೇಳಿದಳು. “ಅತ್ತಿ, ಇವ್ರು ಕಚೇರಿಗಿ ಹೋದ್ರ ಇವತ್ತು ಶುಕ್ರಾರ ಆಗಂಗಿಲ್ಲಲ್ರಿ?”

ಆಯಿ ಗದ್ದಕ್ಕೆ ಕೈ ಹಚ್ಚಿ ವಿಚಾರ ಮಾಡಿದಳು. “ಹೋದ್ರ ಆಗಂಗಿಲ್ಲ.”

ಎಲ್ಲರೂ ಅಪ್ಪನ ಕಡೆ ನೋಡಿದೆವು. “ಕಚೇರಿ ಕೀಲಿ ಹಾಕ್ಯಾದ” ಎಂದ ಅಪ್ಪ, ಸೂರು ನೋಡುತ್ತ. ಆಮೇಲೆ “ಎಣ್ಣಿ ಇನ್ನಾ ಇಳಿದಿಲ್ಲ” ಎಂದ. ಅಪ್ಪ ಕತ್ತು ಹೊರಳಿಸಿ ಅವ್ವನ ಮುಖ ನೋಡಿದ. ಏನು ಕಂಡನೋ, ಎರಡೂ ಕೈ ಊರಿ ಎದ್ದು ಕೂತ. “ನನ್ನ ಶೇರವಾನಿ ತಾ” ಎಂದ.

ಅಯ್ಯೋ, ಆ ಸಂಭ್ರಮ! ಸ್ನಾನಕ್ಕೆ ವೇಳೆಯಿಲ್ಲ, ಹೊತ್ತು ಇನ್ನೂ ಏರಿದರೆ ಕಚೇರಿಗೆ ಹೋಗುವ ಹೊತ್ತು ಮೀರಿತೆಂದು ಆಯಿ ಮತ್ತೊಂದು ತೀರ್ಪು ಕೊಟ್ಟರೆ? ಎಣ್ಣೆ ಮೈಯ ಮೇಲೆಯೇ ಶೇರವಾನಿ ಏರಿತು. ಅವ್ವ ಗುಂಡಿ ಹಾಕಲು ಹೋದರೆ ಗುಂಡಿ ಜಾರುತ್ತಿತ್ತು, ಟೊಪ್ಪಿಗೆ ಇಟ್ಟರೆ ಟೊಪ್ಪಿಗೆ ಜಾರುತ್ತಿತ್ತು, ಜೋಡು ಮೆಟ್ಟಿದರೆ ಅಪ್ಪನೇ ಜಾರಿದ. ಸಂಗಪ್ಪ ಮಾವ ಗೋಡೆಗೆ ಮುಖ ಮಾಡಿ ನಿಂತಿದ್ದ, ಬೆನ್ನು ಮಾತ್ರ ಕುಣಿಯುತ್ತಿತ್ತು. ಅಪ್ಪ ಕಾಗದಪತ್ರದ ಚೀಲ ಬಗಲಿಗಿಟ್ಟುಕೊಂಡು ಆಯಿಯ ಮುಂದೆ ನಿಂತು, “ಕಚೇರಿಗಿ ಹೋಗಿ ಬರ್ತೀನಿ ಬೇ” ಎಂದು ದಿನದಂತೆಯೇ ಹೇಳಿ ಹೊರಟ. ಕಿವಿಯ ಹಿಂದಿನಿಂದ ಎಣ್ಣೆ ಇಳಿಯುತ್ತಿತ್ತು.

ಆಯಿ ಓಣಿಯ ತಿರುವಿನವರೆಗೂ ಮಗನನ್ನು ನೋಡಿದಳು. ಆಮೇಲೆ ಒಳಗೆ ತಿರುಗಿ, “ಇನ್ನಾ ಯಾಕ ನಿಂತೀ? ಬಂಡಿ ಹತ್ತು” ಎಂದು ತಾನೇ ಅವ್ವನ ಉಡಿ ತುಂಬಿದಳು.

ನಾನೂ ಅವ್ವನ ಜೊತೆ ಹತ್ತಿದ್ದ ಬಂಡಿ ಕಚೇರಿಯ ಮುಂದೆಯೇ ಹಾಯಬೇಕಿತ್ತು. ಕೀಲಿ ಬಿದ್ದ ಬಾಗಿಲಿನ ಮೆಟ್ಟಿಲ ಮೇಲೆ ಅಪ್ಪ ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದ. ಪಕ್ಕದಲ್ಲಿ ಒಂದು ಆಡು ಮಲಗಿತ್ತು. ಸುತ್ತ ನೊಣಗಳ ದರ್ಬಾರು. ಅವ್ವ ಬಂಡಿ ನಿಲ್ಲಿಸಿ, ತವರಿಗೆಂದು ಕಟ್ಟಿದ್ದ ಬುಟ್ಟಿಯಿಂದ ಎರಡು ಕೈ ತುಂಬ ಉಂಡಿ ತೆಗೆದು ಅವನ ಮಡಿಲಿಗೆ ಹಾಕಿದಳು.

“ಸಂಜಿತನಕ ಕೂಡಬೇಕಲ್ರಿ” ಎಂದಳು.

“ಐದರ ತನಕ ಡ್ಯೂಟಿ ಅದ” ಎಂದ ಅಪ್ಪ, ಗಂಭೀರವಾಗಿ. “ನೀ ಹೋಗು. ಜೋಕಾಲಿ ಭಾಳ ಎತ್ತರ ಜೀಕಬ್ಯಾಡ.”

ಬಂಡಿ ಹೊರಟ ಮೇಲೆ ಅವ್ವ ನಕ್ಕಳು. ಊರು ದಾಟುವವರೆಗೆ ನಕ್ಕಳು, ಬೋನಾಳದ ಕೆರೆ ಕಾಣುವವರೆಗೆ ನಕ್ಕಳು, ಕೆರೆ ಕಂಡಾಗ ನಗುತ್ತಲೇ ಅತ್ತಳು. ಮರುದಿನ ಜೋಕಾಲಿಯನ್ನು ಅವಳು ಎಷ್ಟು ಎತ್ತರ ಜೀಕಿದಳೆಂದರೆ ಅಪ್ಪ ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅಷ್ಟು ಸಂತೋಷದ ಹಬ್ಬವನ್ನು ನಾನು ಮತ್ತೆ ಕಂಡಿಲ್ಲ.

ನನ್ನ ಮದುವೆಯಾಗಿ ಮೊದಲ ಪಂಚಮಿಗೆ ತವರಿಗೆ ಬಂದಾಗ ಆಯಿ ಇನ್ನೂ ಆ ಕಟ್ಟೆಯ ಮೇಲೆಯೇ ಇದ್ದಳು. ಕೇಳಿಯೇಬಿಟ್ಟೆ. “ಆಯಿ, ಅವತ್ತು ಕಚೇರಿ ಕೀಲಿ ಹಾಕಿದ್ದು ನಿನಗ ಖರೇನ ಗೊತ್ತಿದ್ದಿಲ್ಲೇನು?”

“ಯಾಕ ಗೊತ್ತಿರಂಗಿಲ್ಲ? ಆ ಕಚೇರಿ ಚಪರಾಸಿ ಮುಂಜಾನಿಂದ ನಮ್ಮ ಓಣ್ಯಾಗ ಕೊಬ್ಬರಿ ಬಟ್ಟಲ ತಿರುವಾಕತ್ತಿದ್ದ.” ಆಯಿ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳು. “ನಮ್ಮಣ್ಣ ನನ್ನ ಕರಿಯಾಕ ಬಂದಾಗ ನಮ್ಮತ್ತಿ ಕಳಸಂಗಿಲ್ಲ ಅಂದ್ಲು. ನಿಮ್ಮಜ್ಜ ಇಲ್ಲೇ ಮಲಗಿದ್ದ. ಮಗ್ಗಲ ಬದಲಿ ಮಾಡಿದ, ಅಷ್ಟ. ಅಣ್ಣ ಖಾಲಿ ಬಂಡಿ ಹೊಡ್ಕೊಂಡು ಹೋದ. ಮುಂದಿನ ಪಂಚಮಿಗಿ ಅಣ್ಣನೇ ಇದ್ದಿಲ್ಲ.” ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು. “ನನ್ನ ಮಗ ಏಳ್ತಾನೋ ಇಲ್ಲೋ ನೋಡಬೇಕಿತ್ತು.”

“ಏಳದಿದ್ರ?”

“ಏಳದಿದ್ರ? ಬಡಿಗಿ ತಗೊಂಡು ನಾನ ಎಬ್ಬಸ್ತಿದ್ದೆ.”

ಇಷ್ಟು ಹೇಳಿ ಮುಗಿಸುವಾಗ ನೆನಪಾಯಿತು. ಮುಂದಿನ ವಾರವೇ ಪಂಚಮಿ. ತವರು ಗುರುಮಿಠಕಲ್ಲಿಗೆ ಹೋಗಿ ಬರಲೇ ಎಂದು ಸೊಸೆ ಮೂರು ದಿನಗಳ ಹಿಂದೆ ಕೇಳಿದ್ದಳು, ನಾನು “ನೋಡೋಣು” ಎಂದಿದ್ದೆ. ಅವಳು ಮತ್ತೆ ಕೇಳಿಲ್ಲ. ನನಗೆ ನಾಚಿಕೆಯಾಯಿತು, ಯಾಕೆ ಮುಚ್ಚಿಡಲಿ. ಬೇಳೆಯ ಮೊರ ಬದಿಗಿಟ್ಟು ಎದ್ದು ಹೋದೆ. ಮಗ ಮುಖದ ಮೇಲೆ ಪೇಪರು ಹಾಕಿಕೊಂಡು ಮಲಗಿದ್ದ. ಪೇಪರು ಎಳೆದೆ.

“ಏಳು. ಹೆಂಡ್ತಿನ್ನ ಪಂಚಮಿಗಿ ಬಿಟ್ಟು ಬರಬೇಕು, ಬಸ್ಸಿನ ಟೈಮ್ ಕೇಳ್ಕೊಂಡು ಬಾ.”

“ಇವತ್ತ ಆಯ್ತಾರ ಅದ ಬೇ ಯವ್ವ, ಮಲಗೂ ದಿನ.”

“ಅದಕ್ಕ ಎಬ್ಬಸಾಕತ್ತೀನಿ” ಎಂದೆ.